ಬೂಟು ಹಾಕಿದ ಅಕ್ಷರ

ನಮ್ಮ ಮನೆಗೆ ಯಾವ ಕಾಗದ ಬಂದರೂ ನಾನು ಅದನ್ನು ಮೊದಲು ಓದುವುದಿಲ್ಲ, ನೋಡುತ್ತೇನೆ. ಅಕ್ಷರಗಳ ಕಾಲು ಹೇಗಿವೆ, ನೆಟ್ಟಗೆ ನಿಂತಿವೆಯೇ, ಎಲ್ಲಾದರೂ ಸವೆದಿವೆಯೇ ಎಂದು ನೋಡಿ ಮುಗಿದ ಮೇಲೆ ಒಳಗೇನು ಬರೆದಿದೆ ಎಂಬ ವಿಚಾರ. ಮೊನ್ನೆ ನೆಂಟರೊಬ್ಬರ ಮಗಳ ಲಗ್ನಪತ್ರಿಕೆಯನ್ನು ಹೀಗೆ ಕಾಲು ಗಂಟೆ ತಿರುಗಿಸಿ ನೋಡಿ ಮೇಜಿನ ಮೇಲಿಟ್ಟೆ. ಲಗ್ನ ಯಾವತ್ತು ಎಂದು ಹೆಂಡತಿ ಕೇಳಿದರೆ ಹೇಳಲು ಬರಲಿಲ್ಲ. "ಮಂದಿ ಮಾರಿ ನೋಡ್ತಾರ, ನೀವು ಕಾಲ ನೋಡ್ತೀರಿ. ನನ್ನ ನೋಡಾಕ ಬಂದಾಗೂ ನನ್ನ ಕಾಲ ನೋಡ್ಕೋತ ಕುಂತಿದ್ರಿ" ಎಂದು ಹಂಗಿಸಿದಳು. ಅದು ಸಂಕೋಚಕ್ಕೆ ನೋಡಿದ್ದು, ಕಸುಬಿನ ಚಟಕ್ಕಲ್ಲ ಎಂದು ನಾನು ಮದುವೆಯಾದಂದಿನಿಂದ ಹೇಳುತ್ತಲೇ ಇದ್ದೇನೆ. ಆಕೆ ನಂಬಿಲ್ಲ.

ಹೋದ ವಾರ ಅಂಗಡಿಯಿಂದ ತಂದ ಚಹಾಪುಡಿಯ ಪೊಟ್ಟಣದ ಮೇಲೆ ಹಳೆಯ ಪರಿಚಯದವನೊಬ್ಬ ಸಿಕ್ಕ. ದಪ್ಪ, ಎತ್ತರ, ಇಕ್ಕಟ್ಟು ಮೈಯ ಇಂಗ್ಲಿಷ್ ಅಕ್ಷರ. ಕಾಲಿನ ಕೊನೆಗೆ ದುಂಡಗಿಲ್ಲದ, ಚೂಪಿಲ್ಲದ, ಇಟ್ಟಿಗೆಯಂಥ ಚೌಕ ಪಾದ. ಆ ಪಾದಕ್ಕೆ ಸೆರಿಫ್ ಎನ್ನುತ್ತಾರೆಂದು ನನಗೆ ಎಷ್ಟೋ ವರ್ಷದ ಮೇಲೆ ತಿಳಿಯಿತು. ನಾವು ಸೋಲಾಪುರದ ಪ್ರೆಸ್ಸಿನಲ್ಲಿ ಅದಕ್ಕೆ ಬೂಟು ಎನ್ನುತ್ತಿದ್ದೆವು. ಇಡೀ ಸೆಟ್ಟಿನ ಹೆಸರೇ ಬೂಟ್ ಟೈಪು. ಪೊಟ್ಟಣವನ್ನು ಕೈಯಲ್ಲಿ ಹಿಡಿದು ನಾನು ಎಷ್ಟು ಹೊತ್ತು ನಿಂತೆನೋ, ಒಲೆಯ ಮೇಲಿನ ನೀರೆಲ್ಲ ಕುದಿದು ಬತ್ತಿಹೋಯಿತು.

ಹತ್ತೊಂಬತ್ತುನೂರ ಐವತ್ತರ ದಶಕ. ನಾನು ನವಿ ಪೇಠದ ಒಂದು ಪ್ರೆಸ್ಸಿನಲ್ಲಿ ಕಂಪಾಜಿಟರ್ ಆಗಿದ್ದೆ. ನಮ್ಮಪ್ಪ ಕಚೇರಿಯಲ್ಲಿ ಗುಮಾಸ್ತರು, ಅಜ್ಜನೂ ಗುಮಾಸ್ತರು. ಬರೆಯುವ ಮನೆತನದಲ್ಲಿ ಹುಟ್ಟಿ ನಾನು ಅಕ್ಷರಗಳನ್ನು ಕೈಯಿಂದ ಎತ್ತಿಡುವ ಕೆಲಸಕ್ಕೆ ಹೋದದ್ದು ಅಪ್ಪನಿಗೆ ಕೊನೆತನಕ ನುಂಗಲಾಗದ ಸಂಗತಿ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಪ್ರೆಸ್ಸಿನಲ್ಲಿ ಎರಡನ್ನೂ ಕಲಸಿದ ಭಾಷೆ. ನಮ್ಮ ಮಾಲೀಕರನ್ನು ಎಲ್ಲರೂ ದಾದಾ ಎನ್ನುತ್ತಿದ್ದರು. ಅವರ ಮನೆಮಾತು ಮರಾಠಿ. ನನ್ನ ಮೇಲೆ ಪ್ರೀತಿ ಬಂದರೆ ಕನ್ನಡದಲ್ಲೂ ಸಿಟ್ಟು ಬಂದರೆ ಮರಾಠಿಯಲ್ಲೂ ಮಾತಾಡುತ್ತಿದ್ದರು. ಹೀಗಾಗಿ ನನ್ನ ಮರಾಠಿ ಬಹಳ ಸುಧಾರಿಸಿತು.

ಬೂಟ್ ಟೈಪು ಸೀಸದ್ದಲ್ಲ, ಕಟ್ಟಿಗೆಯದು. ಒಂದೊಂದು ಅಕ್ಷರ ಮುಕ್ಕಾಲು ಗೇಣು ಎತ್ತರ. ದಾದಾ ಅದನ್ನು ಮುಂಬಯಿಯಿಂದ ಗೋಣಿತಟ್ಟಿನಲ್ಲಿ ಸುತ್ತಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರಂತೆ. ಪುಸ್ತಕಕ್ಕೆ, ರಸೀತಿಗೆ ಅದು ಕೆಲಸಕ್ಕೆ ಬಾರದು. ಗೋಡೆಗೆ ಹಚ್ಚುವ ಪೋಸ್ಟರಿಗೆ ಮಾತ್ರ. ಕುಸ್ತಿ, ಸರ್ಕಸ್ಸು, ಟೂರಿಂಗ್ ಟಾಕೀಸು, ಇವಕ್ಕೆಲ್ಲ ಮೇಲಿನ ಒಂದು ಸಾಲು ಬೂಟಿನಲ್ಲಿ ಇರಲೇಬೇಕು. ಅಕ್ಷರಗಳು ಮೈ ಬಿಗಿಹಿಡಿದು ಪ್ಯಾಸೆಂಜರ್ ಗಾಡಿಯ ಮೂರನೇ ದರ್ಜೆಯಲ್ಲಿ ನಿಂತ ಜನರಂತೆ ಭುಜಕ್ಕೆ ಭುಜ ಹಚ್ಚಿ ನಿಲ್ಲುವುದರಿಂದ ಸಣ್ಣ ಕಾಗದದಲ್ಲೂ ದೊಡ್ಡ ಮಾತು ಹಿಡಿಯುತ್ತಿತ್ತು.

ಆಗ ಸೋಲಾಪುರ ಯಾವ ರಾಜ್ಯಕ್ಕೆ ಹೋಗಬೇಕೆಂಬ ಗದ್ದಲ ನಡೆದಿತ್ತು. ಆ ಕಡೆಯವರ ಸಭೆಯ ಪೋಸ್ಟರೂ ನಮ್ಮಲ್ಲೇ, ಈ ಕಡೆಯವರದೂ ನಮ್ಮಲ್ಲೇ. ಒಳಗಿನ ಮಜಕೂರು ಒಬ್ಬರದು ಮರಾಠಿ, ಒಬ್ಬರದು ಕನ್ನಡ. ಆದರೆ ಮೇಲಿನ ಇಂಗ್ಲಿಷ್ ಸಾಲು ಇಬ್ಬರಿಗೂ ಬೂಟಿನಲ್ಲೇ ಬೇಕು. ನಾನು ಒಂದು ಪೋಸ್ಟರಿನಿಂದ ಅಕ್ಷರ ಬಿಚ್ಚಿ, ಸೀಮೆಎಣ್ಣೆಯಿಂದ ಒರೆಸಿ, ಇನ್ನೊಂದಕ್ಕೆ ಜೋಡಿಸುತ್ತಿದ್ದೆ. ಒಂದೇ ಗೋಡೆಯ ಮೇಲೆ ಒಂದರ ಪಕ್ಕ ಇನ್ನೊಂದು ಹಚ್ಚಿದಾಗ ಎರಡೂ ಒಂದೇ ಮನೆಯ ಲಗ್ನದಂತೆ ಕಾಣುತ್ತಿದ್ದವು. ಅದನ್ನು ಕಂಡು ನಕ್ಕವನು ನಾನೊಬ್ಬನೇ ಇರಬೇಕು, ಉಳಿದವರು ಅಕ್ಷರ ನೋಡುವವರಲ್ಲ, ಓದುವವರು.

ಓದಲು ಬಾರದವನೊಬ್ಬ ಮಾತ್ರ ನೋಡಿದ್ದ.

ಒಂದು ಮಧ್ಯಾಹ್ನ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದ ಎತ್ತರದ ಮನುಷ್ಯ ಬಾಗಿಲಲ್ಲಿ ನಿಂತ. ಹೆಸರು ಮೈಲಾರಿ. ಮಂಗಳವೇಢೆ ಕಡೆಯ ಸಲಗರ ಬುದ್ರುಕದವನು, ಕುರಿ ಕಾಯುವವನು. ದಾದಾ ಊಟಕ್ಕೆ ಹೋಗಿದ್ದರು.

"ಅಲ್ಲಿ ಗ್ವಾಡಿ ಮ್ಯಾಲ ಕುಸ್ತಿ ಕಾಗದ ಹಚ್ಯಾರಲ್ರಿ, ಅದರಾಗಿನ ಅಕ್ಷರಾ ಒಂದ ಬೇಕಾಗಿತ್ರಿ" ಎಂದ.

ಯಾವ ಅಕ್ಷರ ಎಂದೆ. "ಯಾವದರೆ ಆಗ್ಲಿರಿ. ದಪ್ಪಂದು. ರಸ್ತಾದ ಆ ದಂಡಿಗಿ ನಿಂತ್ರೂ ಕಾಣಸ್ತಾವ ನೋಡ್ರಿ, ಅಂಥಾದು."

ಕುರಿಯ ಮೇಲೆ ಒತ್ತಲಿಕ್ಕಂತೆ! ನನಗೆ ನಗು ಬಂತು. ಆದರೆ ಅವನು ಕಂಬಳಿ ಹಾಸಿ ಕೂತು ಹೇಳಿದ ಮಾತಿನಲ್ಲಿ ನಗುವಂಥದೇನೂ ಇರಲಿಲ್ಲ. ಅಪ್ಪ ತೀರಿದ ಮೇಲೆ ಅಣ್ಣ ತಮ್ಮ ಇಬ್ಬರೂ ಒಂದೇ ಹಿಂಡು ಕಾಯುತ್ತಿದ್ದರು. ಈಗ ಇವನ ಮೊಣಕಾಲು ಹೋಗಿವೆ. "ನಡ್ಯಾಕ ಆಗವಲ್ದರಿ. ನನ್ನ ಪಾಲು ಮಾರಿ ಊರಾಗ ಹೊಲ ಮಾಡ್ಕೊಂಡ ಇರ್ತೀನಿ. ತಮ್ಮ ತನ್ನ ಪಾಲು ಹೊಡ್ಕೊಂಡ ಹೋಗ್ಲಿ. ಅವ ಒಲ್ಲೆ ಅಂತಾನ. ಮುಂಜಾನಿ ಪಾಲು ಮಾಡಿದ್ರ ಸಂಜಿಗಿ ಎಲ್ಲಾ ಕೂಡಿಸಿ ಬಿಡ್ತಾನ."

"ನಿನ್ನ ಕುರಿ ನಿನಗ ಗುರ್ತ ಸಿಗೂದಿಲ್ಲೇನು?" ಎಂದು ಕೇಳಿದೆ.

"ಮಾರಿ ನೋಡಿ ಗುರ್ತ ಹಿಡೀತೀನ್ರಿ. ಅವನೂ ಹಿಡೀತಾನಲ್ಲ! ನಾ ಇದು ನಂದು ಅಂದ್ರ ಅವ ತಂದು ಅಂತಾನ. ಕಿವಿ ಕೊಯ್ದ ಗುರ್ತ ಎಲ್ಲಾಕೂ ಅಪ್ಪಂದ, ಒಂದ ನಮೂನಿ."

ಕಾವಿಯಿಂದ ಒಂದು ಗೀಟು ಎಳೆದರಾಯಿತಲ್ಲ ಎಂದೆ. "ಗೀಟ ಯಾರರೆ ಎಳೀತಾರ್ರಿ. ಅಕ್ಷರಾ ಎಳ್ಯಾಕ ಆಗೂದಿಲ್ಲ."

ನ್ಯಾಯವಾದ ಮಾತು. ನಾನು ಬೂಟ್ ಟೈಪಿನ ಖಾನೆಯನ್ನು ಎಳೆದು ಅವನ ಮುಂದಿಟ್ಟೆ. ಅವನು ಅಕ್ಷರಗಳನ್ನು ಸಂತೆಯಲ್ಲಿ ಕುರಿ ನೋಡುವ ಹಾಗೆ ಒಂದೊಂದಾಗಿ ಎತ್ತಿ ಕೆಳಗೆ ನೋಡಿದ, ಮೇಲೆ ನೋಡಿದ, ಪಕ್ಕೆ ಸವರಿದ. ಓ ಬೇಡವಂತೆ, ಉರುಳುತ್ತದೆ. ಟಿ ಒಂಟಿ ಕಾಲಿನದು. ಎಸ್ ನೋಡಿ, "ಇದಕ್ಕ ಹೊಟ್ಟಿ ಬ್ಯಾನಿ ಆಗ್ಯಾದೇನ್ರಿ?" ಎಂದ. ಕೊನೆಗೆ ಎಚ್ ಕೈಗೆ ಬಂತು. ಎರಡು ಕಂಬ, ನಡುವೆ ಒಂದು ಅಡ್ಡ, ಮೇಲೆರಡು ಬೂಟು, ಕೆಳಗೆರಡು ಬೂಟು. ಕಟ್ಟಿಗೆಯಲ್ಲಿ ನೋಡಿದರೂ ಒಂದೇ, ಒತ್ತಿದ ಮೇಲೂ ಒಂದೇ. "ಇದರಿ. ನಾಕ ಕಾಲ ಅದಾವ. ಗಟ್ಟಿ ನಿಂತದ" ಎಂದು ಅವನು ಹೆಬ್ಬೆರಳಿನಿಂದ ಅದರ ಬೂಟು ಒರೆಸಿದಾಗ ನಾನು ಪೂರ್ತಿ ಸೋತುಹೋದೆ.

ಅಷ್ಟು ವರ್ಷಗಳಲ್ಲಿ ಪ್ರೆಸ್ಸಿಗೆ ಬಂದವರಲ್ಲಿ ಒಬ್ಬನೂ ನನ್ನ ಅಕ್ಷರಗಳ ಕಾಲನ್ನು ಹೊಗಳಿರಲಿಲ್ಲ. ಹೊಗಳಿದರೆ ನಾನು ಮೊದಲಿನಿಂದಲೂ ಉಬ್ಬುವವನು. ನಾಲ್ಕು ದಿನದಲ್ಲಿ ತಂದುಕೊಡು ಎಂದು ಹೇಳಿ, ದಾದಾ ಬರುವುದರೊಳಗೆ ಎಚ್ ಅನ್ನು ಹಳೆಯ ಪ್ರೂಫಿನಲ್ಲಿ ಸುತ್ತಿ ಕೊಟ್ಟೇಬಿಟ್ಟೆ. ಸೆಟ್ಟಿನಲ್ಲಿ ಮೂರು ಎಚ್ ಇದ್ದವು. ಒಂದು ಹೋದರೆ ಯಾರಿಗೆ ತಿಳಿಯಬೇಕು?

ಒಂದು ವಾರದ ಮೇಲೆ ಇನ್ನೊಬ್ಬ ಬಂದ. ಅದೇ ಎತ್ತರ, ಅದೇ ಮೂಗು, ನಗುಮುಖ. "ನಾ ಬೀರಪ್ಪ ರಿ, ಮೈಲಾರಿ ತಮ್ಮ. ಅಣ್ಣಗ ಕೊಟ್ಟದ್ದ ನನಗೂ ಕೊಡ್ರಿ" ಎಂದ.

ನಾನು ಎಂ ತೆಗೆದು ತೋರಿಸಿದೆ. ಇದೂ ಗಟ್ಟಿ ನಿಲ್ಲುತ್ತದೆ, ಬೂಟು ಇನ್ನೂ ಅಗಲ ಎಂದು ವ್ಯಾಪಾರಿಯಂತೆ ಗುಣಗಾನ ಮಾಡಿದೆ. ಅವನು ಅದರತ್ತ ನೋಡಲೂ ಇಲ್ಲ.

"ಬ್ಯಾಡ್ರಿ. ಅಣ್ಣಂದ ಅಕ್ಷರಾನ ಬೇಕು. ಅಕ್ಷರಾ ಬ್ಯಾರೆ ಆದ್ರ ಕುರಿ ಬ್ಯಾರೆ ಆಗ್ತಾವ. ಕುರಿ ಬ್ಯಾರೆ ಆದ್ರ ಅಣ್ಣ ಊರಾಗ ಉಳೀತಾನ. ನಾ ಒಬ್ಬನ ಹ್ಯಾಂಗ ಹೋಗ್ಲಿರಿ?"

ಮನುಷ್ಯ ಇಷ್ಟು ಬಿಚ್ಚಿ ಹೇಳಿದ. ನನ್ನ ತಲೆಗೆ ಹೋಗಬೇಡವೇ? ನನ್ನ ಗಮನವೆಲ್ಲ ಎರಡನೆಯ ಎಚ್ಚಿನ ಮೇಲಿತ್ತು. ಬಿಡಿಸಿ ಹೇಳುವುದಾದರೆ, ನನ್ನ ಕಸುಬಿನಲ್ಲಿ ಒಂದೇ ಅಳತೆಯ, ಒಂದೇ ಮುಖದ ಎರಡು ಅಕ್ಷರ ಸಿಗುವುದಕ್ಕಿಂತ ದೊಡ್ಡ ಭಾಗ್ಯವಿಲ್ಲ. ಕಂಪಾಜಿಟರನ ಮಟ್ಟಿಗೆ ಒಂದರಂತೆ ಇನ್ನೊಂದು ಇದ್ದರೆ ಒಳ್ಳೆಯದು. ಕುರಿ ಕಾಯುವವನ ಮಟ್ಟಿಗೆ ಗುರುತು ಒಂದರಂತೆ ಇನ್ನೊಂದು ಇರಲೇಬಾರದು. ಅಣ್ಣತಮ್ಮಂದಿರಿಗೆ ಜೋಡಿ ಅಕ್ಷರ ಕೊಟ್ಟೆನೆಂಬ ಹೆಮ್ಮೆಯಲ್ಲಿ ನಾನು ಅದನ್ನು ಒರೆಸಿ, ಮಿಂಚುವಂತೆ ಮಾಡಿ ಕೊಟ್ಟೆ. ಬೀರಪ್ಪ ಅದನ್ನು ಕಂಬಳಿಯೊಳಗೆ ಮುಚ್ಚಿಕೊಂಡು ಹೊರಟ ರೀತಿ ನೋಡಿಯಾದರೂ ನನಗೆ ಸಂಶಯ ಬರಬೇಕಿತ್ತು.

ಇದಾದ ಮೇಲೆ ಅಕ್ಕಲಕೋಟೆಯಿಂದ ಒಂದು ಕೆಲಸ ಬಂತು. ಅಲ್ಲಿನ ಒಂದು ಹೈಸ್ಕೂಲಿನ ಸ್ನೇಹಸಮ್ಮೇಲನದ ಪೋಸ್ಟರು. ಹೆಡ್‌ಮಾಸ್ತರರಿಗೆ ಮೇಲಿನ ಸಾಲು ಬೂಟಿನಲ್ಲೇ ಬೇಕು. ನಾನು ಖುಷಿಯಿಂದ ಜೋಡಿಸಲು ಕೂತೆ. ಇಂಗ್ಲಿಷಿನಲ್ಲಿ ಹೈಸ್ಕೂಲ್ ಎಂದು ಬರೆಯಲು ಮೂರು ಎಚ್ ಬೇಕು. ಆ ಭಾಷೆಯವರು ಅಷ್ಟು ದುಂದುಗಾರರೆಂದು ನನಗೆ ಅವತ್ತೇ ಗೊತ್ತಾದದ್ದು.

ದಾದಾ ಬಂದು ಸಾಲು ನೋಡಿದರು. ನಡುವೆ ಎರಡು ಹಲ್ಲು ಉದುರಿದ ಬಾಯಿಯಂತಿತ್ತು. "ಬಾಕೀಚೇ ಎಚ್ ಕುಠೇ?" ಎಂದರು, ಉಳಿದ ಎಚ್ ಎಲ್ಲಿ ಎಂದು. ಮರಾಠಿ! ಸ್ವಚ್ಛ ಮಾಡಲಿಕ್ಕೆ ಇಟ್ಟಿದ್ದೇನೆ, ಎರಡು ದಿನದಲ್ಲಿ ತರುತ್ತೇನೆ ಎಂದೆ. ಕುರಿಯ ಮೇಲಿವೆ ಎಂದು ಹೇಳುವ ಧೈರ್ಯ ಯಾರಿಗಿದೆ?

ಅದೇ ಸಂಜೆ ಮೈಲಾರಿ ಬಂದ. ಈ ಸಲ ಕಂಬಳಿ ಹಾಸಲಿಲ್ಲ, ಕೂಡಲಿಲ್ಲ.

"ಏನ ಮಾಡಿದ್ರಿ ಅಕ್ಷರದವರ? ನನ್ನ ಅಕ್ಷರಾ ಅವಗೂ ಕೊಟ್ರಿ? ಪಾಲು ಮಾಡಿ ನನ್ನವಕ್ಕ ಒತ್ತಿದ್ದೆ. ನಾ ಊರಿಗಿ ಹೋಗಿ ಬರೂದ್ರಾಗ ಉಳಿದಾವಕ್ಕೆಲ್ಲಾ ಅವ ಒತ್ಯಾನ. ಈಗ ಹಿಂಡಿಗಿ ಹಿಂಡ ಒಂದ ಆಗ್ಯಾದ! ನಾಡದು ಅಕ್ಕಲಕ್ವಾಟಿ ಸಂತ್ಯಾಗ ಗಿರಾಕಿ ಬರ್ತಾನ. ನೀವ ಬಂದು ಯಾವದು ಯಾರದು ಹೇಳಬೇಕು. ಕೊಟ್ಟಾವ್ರು ನೀವು."

ಆಗ ನನ್ನ ತಲೆಗೆ ಹೋಯಿತು. ನಾಚಿಕೆಯಾಯಿತು. ಜೊತೆಗೆ, ಇಬ್ಬರೂ ಅಕ್ಕಲಕೋಟೆಯಲ್ಲಿ ಸಿಗುತ್ತಾರೆಂದರೆ ನನ್ನ ಎರಡೂ ಎಚ್ ಅಲ್ಲೇ ಸಿಗುತ್ತವೆ ಎಂಬ ಸ್ವಾರ್ಥವೂ ಹೊಳೆಯಿತು. ಹೆಡ್‌ಮಾಸ್ತರರಿಗೆ ಪ್ರೂಫು ತೋರಿಸಿ ಬರುತ್ತೇನೆಂದು ದಾದಾಗೆ ಹೇಳಿ, ಹಲ್ಲುದುರಿದ ಆ ಪ್ರೂಫನ್ನೇ ಕಿಸೆಯಲ್ಲಿಟ್ಟುಕೊಂಡು ಸಂತೆಯ ದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಪ್ರೂಫು ಕಿಸೆಯಿಂದ ಹೊರಗೆ ಬರಲೇ ಇಲ್ಲ.

ಆ ವರ್ಷ ಅವರ ಹಿಂಡು ದುಧನಿಯ ಕಡೆ ಮೇಯಲು ಹೋಗಿ ತಿರುಗಿ ಬಂದಿತ್ತು. ಸಂತೆಯ ಬಯಲಿನ ಒಂದು ಅಂಚಿನಲ್ಲಿ ನಿಂತಿತ್ತು. ನಾನು ದೂರದಿಂದಲೇ ನೋಡಿದೆ. ಏನು ಹೇಳಲಿ, ಮೈ ಜುಮ್ಮೆಂದಿತು. ಉಣ್ಣೆ ಕತ್ತರಿಸಿ ಹೆಚ್ಚು ದಿನವಾಗಿರಲಿಲ್ಲ, ಒತ್ತಿದ್ದೆಲ್ಲ ಸ್ಪಷ್ಟವಾಗಿ ಮೂಡಿತ್ತು. ಕರಿ, ಕಂದು, ಬಿಳಿ ಮೈಗಳ ಮೇಲೆ ಕೆಂಪು ಕಾವಿಯ ಎಚ್, ಎಚ್, ಎಚ್. ನನ್ನ ಜೀವಮಾನದಲ್ಲಿ ಅಷ್ಟು ದೊಡ್ಡ ಪೋಸ್ಟರನ್ನು ನಾನು ಅಚ್ಚು ಹಾಕಿಲ್ಲ. ಅದೂ ನಡೆದಾಡುವ ಪೋಸ್ಟರು. ತಪ್ಪು ಮಾಡಿದವನು ಆ ತಪ್ಪನ್ನು ನೋಡಿ ಇಷ್ಟು ಸಂತೋಷಪಡಬಾರದು ಎಂದು ಮುಖ ಗಂಟು ಹಾಕಿಕೊಂಡು ಹತ್ತಿರ ಹೋದೆ.

ಗಿರಾಕಿ ಲತೀಫಸಾಬ ಎಂಬ ಹಿರಿಯ ವ್ಯಾಪಾರಿ. ಬಿಳಿ ಗಡ್ಡ, ನಿಧಾನದ ಮಾತು. "ಅರೆ ಭಾಯ್, ಎಲ್ಲಾಕೂ ಏಕಚ್ ಸಿಕ್ಕಾ ಅದ. ನಾ ಅಣ್ಣನ ಮಾಲು ಅಂತ ಒಯ್ತೀನಿ, ನಾಳಿ ತಮ್ಮ ಬಂದು ನನ್ನ ಬಾಗಿಲಾಗ ಕುಂಡರ್ತಾನ. ಅಂಥಾ ಸೌದಾ ನನಗ ಬ್ಯಾಡ. ಬರೋಬರಿ ಯಾವದು ಯಾರದು ಹೇಳ್ರಿ, ಒಯ್ತೀನಿ" ಎಂದ.

ಮೈಲಾರಿ ನನ್ನ ಕಡೆ ಕೈ ಮಾಡಿದ. "ಇವ್ರ ಹೇಳ್ತಾರ. ಅಕ್ಷರಾ ಇವ್ರದ."

ಎರಡು ಎಚ್ಚುಗಳನ್ನೂ ನನ್ನ ಕೈಗೆ ಕೊಟ್ಟರು. ಎಣ್ಣೆ, ಕಾವಿ, ಉಣ್ಣೆ ಮೆತ್ತಿ ಅವುಗಳ ಗುರುತೇ ಸಿಗದಂತಾಗಿತ್ತು. ಧೋತರದ ಅಂಚಿನಿಂದ ಒರೆಸಿದೆ. ಒರೆಸುತ್ತಿದ್ದಾಗ ಬೆರಳಿಗೆ ಹತ್ತಿತು: ಬೀರಪ್ಪನದರಲ್ಲಿ ಕೆಳಗಿನ ಎಡ ಬೂಟಿನ ತುದಿ ಹಾರಿಹೋಗಿತ್ತು. ಕಲ್ಲಿನ ಮೇಲೆ ಬಿದ್ದಿರಬೇಕು. ಕಡಲೆಕಾಳಿನಷ್ಟು ಚೂರು, ಹೊಸ ಗಾಯ. ನಾನು ತಲೆ ಎತ್ತಿ ಹಿಂಡನ್ನು ನೋಡಿದೆ. ಕಟ್ಟಿಗೆಯ ಎಡ ಬೂಟು ಒತ್ತಿದ ಮೇಲೆ ಬಲಕ್ಕೆ ಬರುತ್ತದೆ, ಅದು ನನಗೆ ಅಭ್ಯಾಸ. ಅಲ್ಲಿತ್ತು. ಈ ಕುರಿಯ ಎಚ್ ಪೂರ್ತಿ, ಆ ಕುರಿಯದಕ್ಕೆ ಬಲ ಬೂಟಿನ ತುದಿ ಇಲ್ಲ. ಇದು ಅಣ್ಣನದು, ಅದು ತಮ್ಮನದು, ಆ ಎರಡು ತಮ್ಮನವು, ಪಕ್ಕದ್ದು ಅಣ್ಣನದು. ಪ್ರೂಫಿನಲ್ಲಿ ಮುರಿದ ಅಕ್ಷರ ಹಿಡಿದಷ್ಟೇ ಸುಲಭವಾಗಿ ನಾನು ನಿಂತಲ್ಲೇ ಇಡೀ ಹಿಂಡನ್ನು ಎರಡು ಪಾಲು ಮಾಡಬಹುದಿತ್ತು.

ಬಾಯಿ ತೆರೆದೆ ಕೂಡ. ಇಷ್ಟು ಜನರ ಮುಂದೆ ನನ್ನ ಕಣ್ಣಿನ ಜಾಣತನ ತೋರಿಸುವ ಅವಕಾಶ ಇನ್ನೊಮ್ಮೆ ಬರುವಂಥದಲ್ಲ. ಅಷ್ಟರಲ್ಲಿ ಬೀರಪ್ಪನ ಮುಖ ಕಾಣಿಸಿತು. ಅವನು ಒಂದು ಮುದಿ ಕುರಿಯ ಕತ್ತು ತಬ್ಬಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ನಗುಮುಖವೆಲ್ಲ ಎಲ್ಲಿ ಹೋಗಿತ್ತೋ. ಮೂವತ್ತು ದಾಟಿದ ಗಂಡಸು, ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಬಾಯನ್ನೇ ನೋಡುತ್ತಿದ್ದ. ನನಗೆ ತುಂಬ ಕೆಡುಕೆನಿಸಿತು.

"ಎರಡೂ ಒಂದ ಟೈಪ ಅದಾವ. ಗುರ್ತ ಹತ್ತೂದಿಲ್ಲ" ಎಂದೆ.

ಮುರಿದ ಅಕ್ಷರವನ್ನು ಕಂಡೂ ಸರಿಯಿದೆ ಎಂದದ್ದು ಅದೇ ಮೊದಲು, ಅದೇ ಕೊನೆ. ಲತೀಫಸಾಬ ಗಡ್ಡ ಸವರಿಕೊಂಡು, "ಅಲ್ಲಾಗ ಇದ ಖುಷಿ ಇರಬೇಕು" ಎಂದು ಎದ್ದು ಹೋದ. ಮೈಲಾರಿ ಮಾತ್ರ ನನ್ನನ್ನು ಚೆನ್ನಾಗಿ ಬೈದ. ಓದಿದವರು ಹೀಗೇ, ಕೊಡುವಾಗ ಗೊತ್ತಿರುತ್ತದೆ, ಹೇಳುವಾಗ ಗೊತ್ತಿರುವುದಿಲ್ಲ ಎಂದು ಸಂತೆಯ ಮಂದಿಗೆಲ್ಲ ಕೇಳುವಂತೆ ಕೂಗಾಡಿದ. ನಾನು ತಲೆ ತಗ್ಗಿಸಿ ಬೈಸಿಕೊಂಡೆ. ಕೆಲಸ ಕಲಿತವನಿಗೆ ಕೆಲಸ ಬರುವುದಿಲ್ಲ ಎಂದು ಅನ್ನಿಸಿಕೊಳ್ಳುವುದು ಬಹಳ ಕಷ್ಟ, ಅದನ್ನು ಈಗಲೂ ಒಪ್ಪುತ್ತೇನೆ.

ಎರಡು ಎಚ್ಚೂ ನನ್ನ ಕೈಯಲ್ಲೇ ಉಳಿದವು, ಅವರಿಗೆ ಇನ್ನು ಅವುಗಳ ಕೆಲಸವಿರಲಿಲ್ಲ. ಮುಂದೆ ಆ ಹೈಸ್ಕೂಲಿನ ಪೋಸ್ಟರು ಅಚ್ಚಾದಾಗ ಕಟ್ಟಿಗೆಯ ಎಳೆಗಳಲ್ಲಿ ಇಳಿದಿದ್ದ ಕಾವಿ ಮಸಿಯೊಡನೆ ಕಲೆತು ಎರಡು ಅಕ್ಷರಗಳು ಕೆಂಪು ಹೊಡೆದವು. ಹೆಡ್‌ಮಾಸ್ತರರು ಅದನ್ನು ಹೊಸ ಶೃಂಗಾರವೆಂದು ಮೆಚ್ಚಿಕೊಂಡರು. ದಾದಾ ನನ್ನನ್ನು ವಾರಗಟ್ಟಲೆ ಮರಾಠಿಯಲ್ಲೇ ಮಾತಾಡಿಸಿದರು. ಅದೆಲ್ಲ ಆಮೇಲಿನ ಮಾತು.

ಅವತ್ತು ನಾನು ಬಸ್ಸಿಗಾಗಿ ಬೇವಿನ ಗಿಡದ ಕೆಳಗೆ ಕಾಯುತ್ತಿದ್ದೆ. ಕೋಲು ಊರುತ್ತ, ಮೊಣಕಾಲು ಎಳೆಯುತ್ತ ಮೈಲಾರಿ ಬಂದ. ಇನ್ನೊಂದು ಸುತ್ತು ಬೈಯಲು ಬಂದನೆಂದು ನಾನು ಸಿದ್ಧನಾದೆ. ಅವನು ಪಕ್ಕದಲ್ಲಿ ಕೂತು, ನನ್ನ ಕೈಚೀಲದತ್ತ ಕೈ ನೀಡಿ, "ತೋರಸ್ರಿ" ಎಂದ. ಎರಡನ್ನೂ ತೆಗೆದುಕೊಟ್ಟೆ. ಮೊದಲನೆಯದನ್ನು ಹಾಗೇ ಹಿಂದಕ್ಕೆ ಕೊಟ್ಟ. ಎರಡನೆಯದರ ಮೇಲೆ ಹೆಬ್ಬೆರಳು ಓಡಿಸಿ, ಚೂರು ಹಾರಿದ ಕಡೆ ನಿಲ್ಲಿಸಿದ.

"ಇದು ತಮ್ಮಂದು" ಎಂದ.

ನಾನು ಮೊದಲನೆಯದನ್ನು ಚೀಲಕ್ಕೆ ಹಾಕಿದೆ.

"ಕಾಲ ಕುಂಟಿದ್ದು ಗುರ್ತ ಹಿಡೀಲಾರದಂವ ಕುರಿ ಕಾಯ್ತಾನೇನ್ರಿ? ಮುಂಜಾನಿ ಹಿಂಡ ಬಿಡೂಮುಂದನ ಕಂಡದ ನನಗ."

"ಮತ್ತ ಯಾಕ ಹೇಳ್ಲಿಲ್ಲ?" ಎಂದೆ.

ಅವನು ಮೊಣಕಾಲು ತಿಕ್ಕಿಕೊಳ್ಳುತ್ತ ಹಿಂಡಿನ ಕಡೆ ನೋಡಿದ. ಅಲ್ಲಿ ಬೀರಪ್ಪ ಕುರಿಗಳನ್ನು ಒಟ್ಟು ಮಾಡಿ ರಸ್ತೆಗೆ ಹೊಡೆಯುತ್ತಿದ್ದ, ಒಂದೇ ಹಿಂಡಾಗಿ. ಆಗಾಗ ಹಿಂದಿರುಗಿ ಅಣ್ಣ ಬಂದನೇ ಎಂದು ನೋಡುತ್ತಿದ್ದ.

"ನಾ ಹೇಳಿದ್ರ ಗಿರಾಕಿ ನಂಬೂದಿಲ್ಲಂತ ನಿಮ್ಮ ಕಡಿ ಕೈ ಮಾಡಿದ್ದೆ, ಅಷ್ಟ್ರಾಗ ತಮ್ಮ ಕಣ್ಣೀರ ಹಾಕಿದ. ಅವ ಅತ್ತ ಹಂಗ ನಾ ಎಂದೂ ನೋಡಿದ್ದಿಲ್ರಿ. ಅಪ್ಪ ಸತ್ತಾಗೂ ಅತ್ತಿದ್ದಿಲ್ಲ. ನೀವು ಹೇಳೇ ಬಿಡ್ತೀರಿ ಅಂತ ಅಂಜಿದ್ದೆ."

ಬಸ್ಸು ಬಂತು. ಅವನು ಕೋಲಿನ ಆಸರೆಯಿಂದ ಎದ್ದು ನಿಂತು, ಕಂಬಳಿ ಸರಿಮಾಡಿಕೊಂಡು ಎರಡು ಹೆಜ್ಜೆ ಹೋದವನು ಹೊರಳಿ ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

"ತಮ್ಮಗ ಹೇಳಬ್ಯಾಡ್ರಿ. ತಾನ ಗೆದ್ದೀನಿ ಅಂತ ತಿಳ್ಕೊಂಡಾನ. ಹಂಗ ಇರ್ಲಿ."